ಆಕಳು ಜಾರಿದರೆ ಅಯ್ಯೋ, ಮೇಸ್ತ್ರಿ ಜಾರಿದರೆ ಹೋ

೧೯೯೪ರಲ್ಲಿ ನಾನು ಓದು ಬಿಟ್ಟೆ. ಆಗ ಎಂಟನೆಯ ತರಗತಿ. ನಮ್ಮ ಗಣಿತದ ಮೇಷ್ಟ್ರ ಕುರ್ಚಿಯ ಹಿಂದಿನ ಒಂದು ಕಾಲು ಸಡಿಲವಿತ್ತು. ಅದು ನಮಗೂ ಗೊತ್ತು, ಅವರಿಗೂ ಗೊತ್ತು. ಆದರೂ ಅವತ್ತು ಯಾರಿಗೋ ಅಂಗೈ ಕೆಂಪಗಾಗುವಂತೆ ಬಾರಿಸಿ, ಯುದ್ಧ ಗೆದ್ದವರ ಹಾಗೆ ಹಿಂದಕ್ಕೆ ಒರಗಿ ಕೂತರು. ಕುರ್ಚಿ ಮಲಗಿತು. ಮೇಷ್ಟ್ರ ಎರಡೂ ಕಾಲು ಮೇಲೆ, ಧೋತರದೊಳಗಿನ ಪಟ್ಟೆಪಟ್ಟೆ ಚಡ್ಡಿ ಇಡೀ ತರಗತಿಗೆ ದರ್ಶನ. ಎಲ್ಲರೂ ನಕ್ಕರು, ಆದರೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೆ ಆ ಜಾಣತನ ಹೊಳೆಯಲಿಲ್ಲ. ಮೇಷ್ಟ್ರು ಎದ್ದವರೇ ನನಗೆ "ನಿಮ್ಮಪ್ಪನ್ನ ಕರಕೊಂಡು ಬಾ" ಅಂದರು. ನಮ್ಮಪ್ಪ ಹೊಸಪೇಟೆಯಲ್ಲಿ ಕಲ್ಲು ಹಾಸುವ ಕೂಲಿ. ಒಂದು ದಿನದ ಕೆಲಸ ಬಿಟ್ಟು ಮೇಷ್ಟ್ರ ಚಡ್ಡಿಯ ಪಂಚಾಯ್ತಿಗೆ ಬರುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

"ನಗು ತಡ್ಕಳಾಕ ಆಗಲ್ಲಾಂದ್ರ ಅಲ್ಲೇನ್ ಮಾಡ್ತಿ? ಬಾ, ಕಲ್ಲು ಹೊರು. ಹೊರಾಗ ನಗು ಬರಂಗಿಲ್ಲ" ಅಂದ.

ಅಪ್ಪ ಹೇಳಿದ್ದು ಪೂರ್ತಿ ಖರೆಯಲ್ಲ. ಕಲ್ಲು ಹೊರುವವರಷ್ಟು ನಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅವರ ನಗುವಿಗೆ ಒಂದು ಶಿಸ್ತಿದೆ. ಇಬ್ಬರು ಚಪ್ಪಡಿ ಹಿಡಿದು ಬರುತ್ತಾರೆ, ಒಬ್ಬ ಮುಗ್ಗರಿಸಿ ಬೀಳುತ್ತಾನೆ. ತಕ್ಷಣ ಯಾರೂ ನಗುವುದಿಲ್ಲ. ಎಲ್ಲರ ಕಣ್ಣೂ ಮೊದಲು ಕಲ್ಲು ಎಲ್ಲಿದೆ, ಅವನ ಪಾದ ಎಲ್ಲಿದೆ ಅಂತ ಹುಡುಕುತ್ತವೆ. ಎರಡೂ ಬೇರೆಬೇರೆ ಕಡೆ ಇದ್ದು, ಬಿದ್ದವನ ಬಾಯಿಂದ ಒಂದು ಹಸಿ ಬೈಗುಳ ಬಂತೋ, ಮುಗಿಯಿತು. ಮಧ್ಯಾಹ್ನದ ಬುತ್ತಿ ಬಿಚ್ಚುವ ತನಕ ಅವನು ಬಿದ್ದ ಹಾಗೆ ಒಬ್ಬೊಬ್ಬರೂ ಬಿದ್ದು ತೋರಿಸುತ್ತಾರೆ. ಬೈಗುಳ ಬರಲಿಲ್ಲ ಅಂದರೆ ಮಾತ್ರ ಓಡುತ್ತಾರೆ. ನಮ್ಮ ಕೆಲಸದಲ್ಲಿ ಬೈಗುಳ ಅಂದರೆ ಡಾಕ್ಟರ ಸರ್ಟಿಫಿಕೇಟು ಇದ್ದ ಹಾಗೆ.

ಉಳಿದ ಜನಕ್ಕೆ ಅಷ್ಟು ತಾಳ್ಮೆ ಇಲ್ಲ. ಒಂದು ಭಾನುವಾರ ಸಂಜೆ ಹಂಪಿಗೆ ಹೋಗಿ ಗುಡ್ಡದ ಬುಡದಲ್ಲಿ ಕೂತು ನೋಡಿ. ಎಷ್ಟೋ ಕಾಲದಿಂದ ಜನ ಹತ್ತಿ ಇಳಿದು ಅಲ್ಲಿಯ ಬಂಡೆಯ ಮೆಟ್ಟಿಲುಗಳು ಬೆಣ್ಣೆಯಾಗಿವೆ. ಸೂರ್ಯ ಮುಳುಗುವುದನ್ನು ನೋಡಲು ಕಾಲ ಮೇಲೆ ಹತ್ತಿದವರಲ್ಲಿ ಒಬ್ಬರಾದರೂ ಕುಂಡಿಯ ಮೇಲೆ ಇಳಿಯುತ್ತಾರೆ. ಹೊರದೇಶದವರು ಬಿದ್ದರೆ ತಾವೇ ಮೊದಲು ನಕ್ಕುಬಿಡುತ್ತಾರೆ, ನೋಡುವವರಿಗೆ ಏನೂ ಉಳಿಸುವುದಿಲ್ಲ. ನಮ್ಮವರು ಹಾಗಲ್ಲ. ಮೊಣಕಾಲು ನೋಡಿಕೊಳ್ಳುವ ಮೊದಲು ಯಾರ್ಯಾರು ನೋಡಿದರು ಅಂತ ನೋಡುತ್ತಾರೆ. ಎದ್ದು ಕಲ್ಲನ್ನು ಬೈಯುತ್ತಾರೆ, ಚಪ್ಪಲಿಯನ್ನು ಬೈಯುತ್ತಾರೆ, ಹೆಂಡತಿ ಪಕ್ಕದಲ್ಲಿದ್ದರೆ ಅವಳನ್ನೂ. ಕೆಳಗೆ ಕೂತವರಿಗೆ ಅದಕ್ಕಿಂತ ಒಳ್ಳೆಯ ಆಟ ಇನ್ನೊಂದಿಲ್ಲ. ಇನ್‌ಶರ್ಟ್ ಮಾಡಿ ಕಪ್ಪು ಕನ್ನಡಕ ಹಾಕಿದವನು ಬಿದ್ದರೆ ನಗು ಎರಡು ಪಟ್ಟು. ಅದೇ ಜಾಗದಲ್ಲಿ ಸೌದೆಯ ಹೊರೆ ಹೊತ್ತ ಹೆಂಗಸು ಜಾರಿದರೆ, ಅದೇ ಜನ "ಸ್ಸ್" ಅಂತ ಹಲ್ಲು ಕಚ್ಚಿ ತಮ್ಮ ಮೊಣಕಾಲು ತಾವೇ ಹಿಡಿದುಕೊಳ್ಳುತ್ತಾರೆ. ಬಂಡೆ ಅದೇ, ಬೀಳುವುದೂ ಅದೇ.

ಹೀಗೆ ಕಂಡವರು ಬೀಳುವುದನ್ನೆಲ್ಲ ನೋಡಿ ಶಾಸ್ತ್ರ ಹೇಳುತ್ತಿದ್ದ ನಾನೂ ಒಂದು ದಿನ ಬಿದ್ದೆ. ನಾನೇ ಹಾಸಿದ ನೆಲದ ಮೇಲೆ, ತಲೆಗೆ ರುಮಾಲು ಸುತ್ತಿಸಿಕೊಂಡು, ಕ್ಯಾಮೆರಾದ ಎದುರಿಗೆ ಬಿದ್ದೆ.

ನಾನು ಗ್ರಾನೈಟ್ ನೆಲ ಹಾಸುವ ಮೇಸ್ತ್ರಿ. ಕಲ್ಲು ಕೂಡಿಸಿದ ಮೇಲೆ ಮಶೀನು ಹೊಡೆಸಿ ಹೊಳಪು ತರುವುದರಲ್ಲಿ ಹೊಸಪೇಟೆ, ಕಂಪ್ಲಿ, ಸಂಡೂರು ಮೂರೂ ಕಡೆ ನನ್ನ ಹೆಸರು ಹೇಳುತ್ತಾರೆ. ಹೇಳದವರಿಗೆ ನಾನೇ ಹೇಳುತ್ತೇನೆ. ನಮ್ಮ ಕಡೆ ಮನೆ ಕಟ್ಟಿಸುವ ಪ್ರತಿಯೊಬ್ಬರದೂ ಒಂದೇ ಮಾತು: "ಮೇಸ್ತ್ರಿ, ನೆಲದಾಗ ಮುಖ ಕಾಣ್ಬೇಕು ನೋಡ್ರಿ." ಕನ್ನಡಿಯಲ್ಲಿ ದಿನಾ ನೋಡಿ ಬೇಸತ್ತ ಮುಖವನ್ನು ಕಾಲ ಕೆಳಗೂ ಯಾಕೆ ನೋಡಬೇಕೋ ನನಗೆ ತಿಳಿಯದು. ಆದರೆ ಕೇಳಿದ್ದನ್ನು ಕೊಡುವುದು ನನ್ನ ಕೆಲಸ. ಇದೇ ಜನ, ಮನೆಗೆ ಬಂದವರಿಗೆ ಬಾಗಿಲಲ್ಲೇ ತಂಬಿಗೆಯಲ್ಲಿ ಕಾಲಿಗೆ ನೀರು ಕೊಡುವ ಪದ್ಧತಿಯನ್ನು ಮಾತ್ರ ಬಿಟ್ಟಿಲ್ಲ. ಒದ್ದೆ ಕಾಲು, ಕನ್ನಡಿಯಂಥ ನೆಲ. ಯಾರಿಗೆ ಮರ್ಯಾದೆ ಹೆಚ್ಚೋ ಅವರಿಗೆ ನೀರು ಹೆಚ್ಚು, ಆದ್ದರಿಂದ ಅವರೇ ಮೊದಲು ಬೀಳುತ್ತಾರೆ. ಬೀಗರನ್ನು ಇಷ್ಟು ಚೆಂದವಾಗಿ ಕೆಡವುವ ಉಪಾಯವನ್ನು ಶತ್ರುಗಳೂ ಕಂಡುಹಿಡಿದಿಲ್ಲ.

ಎರಡು ವರ್ಷದ ಹಿಂದೆ ಕಂಪ್ಲಿಯಲ್ಲಿ ಒಬ್ಬ ರೈಸ್‌ಮಿಲ್ಲಿನ ಸಾಹುಕಾರರ ಹೊಸ ಮನೆಗೆ ನೆಲ ಹಾಸಿದೆ. ಕರಿ ಗ್ರಾನೈಟು. ನಡುಮನೆಯಲ್ಲಿ ನಿಂತು ಕೆಳಗೆ ನೋಡಿದರೆ ಚಾವಣಿಯ ಫ್ಯಾನು ತಿರುಗುವುದು ಕಾಣುತ್ತಿತ್ತು. ಅಂಥ ಹೊಳಪು ನನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ, ಬೇರೆಯವರ ಕೈಯಿಂದ ಬರುವ ಪ್ರಶ್ನೆಯೇ ಇಲ್ಲ.

ಆದರೆ ಆ ಹೊತ್ತಿಗೆ ಎಲ್ಲ ಕಡೆ ಟೈಲ್ಸ್ ಬಂದು ಗ್ರಾನೈಟಿನ ಕೆಲಸ ಕಡಿಮೆಯಾಗಿತ್ತು. ನನ್ನ ಮಂದಿ ಒಬ್ಬೊಬ್ಬರಾಗಿ ಹೊಸಪೇಟೆಯ ಇನ್ನೊಬ್ಬ ಮೇಸ್ತ್ರಿಯ ಕಡೆ ಸರಿಯುತ್ತಿದ್ದರು. ಅಷ್ಟರಲ್ಲಿ ಸಂಡೂರಿನ ಧಣಿಯೊಬ್ಬರು ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದಾರೆ ಅಂತ ತಿಳಿಯಿತು. ಅದಿರಿನ ಲಾರಿ ಓಡಿಸಿ ಮೇಲೆ ಬಂದ ಮನುಷ್ಯ. ಅವರು ಕಂಪ್ಲಿ ಸಾಹುಕಾರರ ನೆಂಟರು. "ಗೃಹಪ್ರವೇಶಕ್ಕ ಬರ್ತೀನಿ, ನೆಲ ನೋಡಿ ಹೇಳ್ತೀನಿ" ಅಂದಿದ್ದರು. ಆ ಮಂಟಪ ಸಿಕ್ಕರೆ ವರ್ಷವಿಡೀ ನನ್ನ ಮಂದಿ ನನ್ನ ಹತ್ತಿರ ಉಳಿಯುತ್ತಾರೆ. ಸಿಗದಿದ್ದರೆ ಉಳಿದವರೂ ಹೋಗುತ್ತಾರೆ, ಕಡೆಗೆ ನಾನೂ ಆ ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ ಕೂಲಿಗೆ ನಿಲ್ಲಬೇಕು. ಅವನೂ ಆ ಮಂಟಪಕ್ಕೆ ಬಾಯಿ ಬಿಟ್ಟುಕೊಂಡು ಕೂತವನೇ. ಗೃಹಪ್ರವೇಶಕ್ಕೆ ನನಗಿಂತ ಮೊದಲೇ ಬಂದು ಶಾಮಿಯಾನದಲ್ಲಿ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದ.

ಹೊಸ ಮನೆಯಲ್ಲಿ ಪೂಜೆಗೆ ಮೊದಲು ಆಕಳನ್ನು ಒಳಗೆ ಕರೆತರಬೇಕು, ಅದು ಪದ್ಧತಿ. ಮಣ್ಣಿನ ನೆಲ, ಒರಟು ಬಂಡೆಯ ನೆಲ ಇದ್ದಾಗ ಯಾವ ತೊಂದರೆಯೂ ಇರಲಿಲ್ಲ. ಈಗ ಆಕಳಿಗೆ ಗೋಣಿತಾಟು ಹಾಸಿ ದಾರಿ ಮಾಡುತ್ತಾರೆ. ಸಾಹುಕಾರರ ಅಕ್ಕ ಗೋಣಿತಾಟಿನ ಕಟ್ಟು ಹಿಡಿದು ಬಂದರು.

"ಮೇಸ್ತ್ರಿ, ಆಕಳ ಬರೋ ಹೊತ್ತಾತು. ಇವನ್ನ ಹಾಸ್ರಿ."

"ಅಕ್ಕಾರ, ಸಂಡೂರು ಧಣಿ ನೆಲ ನೋಡಾಕ ಬಂದಾರ್ರಿ, ಗೋಣಿತಾಟು ನೋಡಾಕಲ್ಲ."

"ಆಕಳ ಜಾರಿದ್ರ?"

"ನನ್ನ ನೆಲ ಐತ್ರಿ ಇದು. ಹಂಗ ಅನ್‌ಬ್ಯಾಡ್ರಿ."

ಸಾಹುಕಾರರೂ ನನ್ನ ಕಡೆಗೇ ನಿಂತರು. "ಮೇಸ್ತ್ರಿ ಹೇಳೋದು ಖರೆ ಐತಿ. ಇಷ್ಟು ಮಿಂಚೋ ನೆಲಕ್ಕ ಗೋಣಿ ಮುಚ್ಚಿದ್ರ ವಿಡಿಯೋದಾಗ ಏನ್ ಕಾಣ್ತೈತಿ? ತಗದಿಡಕ್ಕ ಅತ್ಲಾಗ." ಅಕ್ಕ ಗೋಣಿತಾಟುಗಳನ್ನು ಒಂದು ಮೂಲೆಗೆ ಒಗೆದು, ನಾವಿಬ್ಬರೂ ಅವರ ಪಾಲಿಗೆ ಸತ್ತ ಹಾಗೆ ಒಳಗೆ ಹೋದರು.

ಬಾಗಿಲ ಮುಂದೆ ನನಗೆ ಮರ್ಯಾದೆ ಆಯಿತು. ಹೊಸ ಪಂಚೆ ಉಡಿಸಿದರು, ಶಲ್ಯ ಹೊದಿಸಿದರು, ಕೆಂಪು ರುಮಾಲು ಸುತ್ತಿದರು. ನಾನು ಎದೆ ಮುಂದೆ ಮಾಡಿ, ಗಲ್ಲ ಮೇಲೆತ್ತಿ ನಿಂತೆ. ಕ್ಯಾಮೆರಾದವನು "ಸ್ವಲ್ಪ ನಗ್ರಿ" ಅಂದ. ನಗಲಿಲ್ಲ. ದೊಡ್ಡ ಮನುಷ್ಯರು ಫೋಟೋದಲ್ಲಿ ನಗುವುದನ್ನು ನಾನು ಕಂಡಿಲ್ಲ. ಸಂಡೂರು ಧಣಿ ಒಳಗೆ ಗೋಡೆಯ ಬದಿಗೆ ನಿಂತು ನೆಲ ನೋಡುತ್ತಿದ್ದರು. ಅವರ ತಾಯಿ, ಕೋಲು ಹಿಡಿದ ಮುದುಕಿ, ಇನ್ನೂ ಹೊಸ್ತಿಲ ಹೊರಗೇ ಇದ್ದಳು.

ಆಕಳು ಬಂತು. ಕಾಲು ತೊಳೆದು, ಗೊರಸಿಗೆ ಅರಿಶಿನ ಹಚ್ಚಿ, ಕೋಡಿಗೆ ಹೂ ಕಟ್ಟಿದ್ದರು. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟು ತಲೆ ಬಗ್ಗಿಸಿತು. ನೆಲದೊಳಗೆ ಇನ್ನೊಂದು ಆಕಳು, ಕೋಡಿಗೆ ಹೂ ಕಟ್ಟಿಕೊಂಡು ಇದನ್ನೇ ನೋಡುತ್ತಿದೆ. ಬೆಚ್ಚಿತು. ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋದವು, ಹೊಟ್ಟೆ ನೆಲಕ್ಕೆ ಬಿತ್ತು.

"ಅಯ್ಯೋ! ಅಯ್ಯೋ ಶಿವನ! ಹಿಡೀರಪ್ಪೋ!" ಇಡೀ ಮನೆ ಒಂದೇ ಉಸಿರಿಗೆ ಕೂಗಿತು. ಹೆಂಗಸರು ಕೆನ್ನೆಗೆ ಕೈ ಇಟ್ಟುಕೊಂಡರು. ನೆಂಟರೊಬ್ಬರು ಕಣ್ಣೊರೆಸಿಕೊಂಡರು. ಹೆದರಿಕೆಗೆ ಆಕಳು ಅಲ್ಲೇ ಗಂಜಲ ಹೊಯ್ದಿತು. ಹಿರಿಯರೊಬ್ಬರು ಆ ಗಡಿಬಿಡಿಯಲ್ಲೂ "ಶುಭ ಆತು ಬಿಡ್ರಿ, ಗಂಜಲ ಬಿತ್ತು" ಅಂದರು.

ನೆಲ ನನ್ನದು, ಗೋಣಿತಾಟು ಬೇಡವೆಂದವನೂ ನಾನು. ಓಡಿದೆ. ಮೊದಲ ಹೆಜ್ಜೆ ನೆನಪಿದೆ. ಆಮೇಲೆ ಕಂಡದ್ದು ನನ್ನದೇ ಎರಡು ಪಾದಗಳು, ನನ್ನ ಮುಖಕ್ಕಿಂತ ಮೇಲೆ. ಬೆನ್ನ ಮೇಲೆ ಬಿದ್ದವನು ಅಲ್ಲೇ ನಿಲ್ಲಲೂ ಇಲ್ಲ. ಅಂಥ ಹೊಳಪು ಅದು. ಶುಭದ ಮೇಲೆ ಜಾರುತ್ತ, ಆಕಳ ಬಾಲದ ಪಕ್ಕದಿಂದ ಹಾದು, ಸಂಡೂರು ಧಣಿಯ ಕಾಲ ಹತ್ತಿರ ಹೋಗಿ ನಿಂತೆ. ರುಮಾಲು ನನಗಿಂತ ಮುಂದೆ ಹೋಗಿತ್ತು. ಹೊಸ ಪಂಚೆ ಎಲ್ಲಿ ಇರಬಾರದೋ ಅಲ್ಲಿತ್ತು.

"ಹೋ!"

ಈಗಷ್ಟೇ ಅಯ್ಯೋ ಅಂದ ಬಾಯಿಗಳೇ. ಕಣ್ಣೊರೆಸಿಕೊಂಡ ನೆಂಟರು ಅದೇ ಒದ್ದೆ ಕಣ್ಣಲ್ಲಿ ನಗುತ್ತಿದ್ದರು, ಕಣ್ಣೀರು ದಂಡವಾಗಲಿಲ್ಲ. ಐನೋರು ಮಂತ್ರ ಬಿಟ್ಟು ಹೊಟ್ಟೆ ಹಿಡಿದುಕೊಂಡರು. ಆ ಇನ್ನೊಬ್ಬ ಮೇಸ್ತ್ರಿ ಬಾಗಿಲಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂಗಿದ: "ಏನ್ರಿ ಮೇಸ್ತ್ರಿ, ನೆಲದಾಗ ಮುಖ ಕಾಣ್ತೈತೇನ್ರಿ?" ಇನ್ನೊಂದು ಅಲೆ. ಆ ಸದ್ದಿಗೆ ಆಕಳು ತಾನೇ ಎದ್ದು ನಿಂತು, ನನ್ನನ್ನೊಮ್ಮೆ ನೋಡಿ ಹೊರಗೆ ನಡೆಯಿತು. ಅದೊಂದಕ್ಕೇ ನಗಲು ಬರುತ್ತಿರಲಿಲ್ಲ.

ಇಲ್ಲ, ಇನ್ನೊಬ್ಬರಿದ್ದರು. ಧಣಿಯ ತಾಯಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಬಿದ್ದದ್ದು ತಾನೇ ಅನ್ನುವ ಹಾಗೆ ಮುಖ ಹಿಂಡಿಕೊಂಡು ನಿಂತಿದ್ದಳು. ಒಬ್ಬಳಾದರೂ ಮರುಗಿದಳಲ್ಲ ಅಂತ ನನ್ನ ಎದೆ ತುಂಬಿ ಬಂತು. ಆಕೆ ಕಣ್ಣು ಬಿಟ್ಟು ಮಗನಿಗೆ ಹೇಳಿದಳು: "ನಾ ಈ ಮನಿಯೊಳಗ ಕಾಲಿಡಂಗಿಲ್ಲಪ್ಪ. ಹೋದ ವರ್ಷ ಬಚ್ಚಲದಾಗ ಬಿದ್ದು ಕಾಲು ಮುರಕಂಡಿದ್ದು ಸಾಕು." ಅರ್ಧ ನಕ್ಕಿದ್ದ ಧಣಿ ಉಳಿದರ್ಧ ನುಂಗಿದರು. ಇಬ್ಬರೂ ಶಾಮಿಯಾನದಲ್ಲೇ ಹೋಳಿಗೆ ಉಂಡು ಹೊರಟುಹೋದರು. ಮಂಟಪದ ಮಾತು ಎತ್ತಲಿಲ್ಲ.

ಮನೆಯಲ್ಲಿ ನನ್ನ ಹೆಂಡತಿ ಸೊಂಟಕ್ಕೆ ಎಣ್ಣೆ ತಿಕ್ಕಿದಳು. ನಾನು ಹೋಗುವುದರೊಳಗೆ ವಿಡಿಯೋ ಅವಳ ಫೋನಿಗೆ ಬಂದಿತ್ತು. ತಿಕ್ಕುವ ಕೈ ನಡುನಡುವೆ ಅಲುಗುತ್ತಿತ್ತು. ತಿರುಗಿ ನೋಡಿದರೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

"ನಗು, ನೀನೂ ನಗು. ಆಕಳ ಬಿದ್ರ ಅಯ್ಯೋ ಅಂದ್ರು, ನಾ ಬಿದ್ರ ಹೋ ಅಂದ್ರು. ನಾನೇನು ದನಕ್ಕಿಂತ ಕಡಿಮಿ ಏನು?"

"ಆಕಳ ಏನ್ ಎದಿ ಉಬ್ಬಿಸ್ಕೊಂಡು ಬಂದಿತ್ತೇನ್ರಿ? ಪಾಪ, ಅದನ್ನ ಹಗ್ಗ ಹಾಕಿ ಎಳಕೊಂಡು ಬಂದಿದ್ರು. ನಿಮ್ಮನ್ನ ಯಾರ್ ಎಳದಿದ್ರು?"

ನಾನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದೆ. ಸೊಂಟ ನೋಯುತ್ತಿತ್ತು.

ವಿಡಿಯೋ ಫೋನಿಂದ ಫೋನಿಗೆ ಹೋಯಿತು. ಯಾರೋ ಪುಣ್ಯಾತ್ಮ ಅದನ್ನು ನಿಧಾನ ಮಾಡಿದ, ಇನ್ಯಾರೋ ಹಿಂದುಮುಂದಾಗಿ ಓಡಿಸಿದ. ಅದರಲ್ಲಿ ನಾನು ಧಣಿಯ ಕಾಲ ಬುಡದಿಂದ ಜಾರಿಕೊಂಡು ಬಂದು, ಗಾಳಿಯಲ್ಲಿ ಎದ್ದು, ರುಮಾಲು ತಲೆಗೆ ಬಂದು ಕೂತು, ಗಂಭೀರವಾಗಿ ಹಿಂದೆ ಹಿಂದೆ ನಡೆದುಹೋಗುತ್ತೇನೆ. ನಿಜ ಹೇಳಬೇಕೆಂದರೆ ಅದು ಚೆನ್ನಾಗಿತ್ತು. ಮುಖ ಮುಚ್ಚಿಕೊಂಡು ಮನೆಯಲ್ಲಿ ಕೂರುವ ಜಾತಿ ನನ್ನದಲ್ಲ. ನಮ್ಮ ಓಣಿಯ ಚಹಾದ ಅಂಗಡಿಗೆ ದಿನದಂತೆ ಹೋದೆ. "ಬರ್ರಿ ಮೇಸ್ತ್ರಿ, ಕುಂದ್ರಿ. ಹುಷಾರ್ರಿ, ಬೆಂಚು ಒದ್ದಿ ಐತಿ" ಅಂದ ಅಂಗಡಿಯವನು. ಅವನ ಚಹಾಕ್ಕೆ ಒಮ್ಮೆಯೂ ಜನ ಹೀಗೆ ಮೇಲೆ ಬಿದ್ದು ಬಂದದ್ದಿಲ್ಲ. ನನ್ನಿಂದ ಅವನಿಗಾದರೂ ವ್ಯಾಪಾರವಾಯಿತು.

ಆಮೇಲೆ ಶುರುವಾದವು ಫೋನುಗಳು.

"ನೀವು ಬಿದ್ದಿರಲ್ರಿ, ಆ ಮೇಸ್ತ್ರಿನಾ?"

"ಹೌದ್ರಿ. ನಕ್ಕು ಮುಗೀತೇನು?"

"ಹಂಗಲ್ರಿ. ಆ ನೆಲ ಭಾಳ ಮಸ್ತ್ ಐತ್ರಿ. ನಮ್ಮ ಮನಿಗೂ ಅದ ಬೇಕಿತ್ತು."

"ಅದು ಜಾರ್ತೈತ್ರಿ. ನೋಡಿದ್ರಿ ಹೌದಲ್ಲೋ?"

"ಜಾರ್ಲಿ ಬಿಡ್ರಿ. ಮಿಂಚ್ತೈತಲ್ಲ."

ಇನ್ನೊಬ್ಬ ಹೆಣ್ಣುಮಗಳು ಕೇಳಿದಳು, "ಆಕಳ ಸೈತ ಅದರಾಗ ಮುಖ ನೋಡ್ಕೊಂಡೈತಂತ ಹೌದೇನ್ರಿ?" ಹೌದೆಂದೆ. ಅಷ್ಟಕ್ಕೇ ಕೆಲಸ ಒಪ್ಪಿಸಿದಳು. ಮನುಷ್ಯ ಕಾಲು ಮುರಿದುಕೊಂಡರೂ ಚಿಂತೆಯಿಲ್ಲ, ಮುರಿದ ಕಾಲು ನೆಲದಲ್ಲಿ ಸ್ಪಷ್ಟವಾಗಿ ಕಾಣಬೇಕು. ಆದರೆ ಇವೆಲ್ಲ ಒಂದು ಮೆಟ್ಟಿಲು, ಒಂದು ದೇವರ ಕೋಣೆ, ಇಷ್ಟಿಷ್ಟೇ ಕೆಲಸ. ಒಂದು ವಾರ ಮಾಡಿದರೆ ಮುಗಿಯುತ್ತಿತ್ತು. ನನ್ನ ಮಂದಿಯನ್ನು ಹಿಡಿದು ನಿಲ್ಲಿಸಲು ಸಾಲದು. ಇನ್ನಿಬ್ಬರು ಬಿಟ್ಟುಹೋದರು. ಹೋಗುವಾಗಲೂ ನಗುತ್ತಲೇ ಹೋದರು.

ಸಂಡೂರಿನಿಂದ ಫೋನು ಬರಲಿಲ್ಲ. ಕಾದು ಸಾಕಾಗಿ ನಾನೇ ಬಸ್ ಹತ್ತಿದೆ. ಕೆಂಪು ಧೂಳಲ್ಲಿ ಮುಳುಗಿದ ಮಂಟಪದ ಅಂಗಳದಲ್ಲಿ ಧಣಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ತಾಯಿ. ನನ್ನನ್ನು ನೋಡಿದ ಕೂಡಲೇ ಕೆಲಸದವರು ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡರು.

"ಬರ್ರಿ ಮೇಸ್ತ್ರಿ. ಸುಳ್ಳು ಯಾಕ ಹೇಳ್ಲಿ, ನಿಮ್ಮ ನೆಲ ಭಾಳ ಚೆಂದ ಐತಿ. ಆದ್ರ ಅವ್ವ ಒಲ್ಲೆ ಅಂತಾಳ. ಮಂಟಪಕ್ಕ ಮುದುಕ್ರು ಬರ್ತಾರ, ಬಸುರೇರು ಬರ್ತಾರ. ಊಟದ ಹಾಲಿನಾಗ ಸಾರು ಚೆಲ್ಲಿರ್ತೈತಿ."

ನಾನು ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಹಲ್ಲು ಕಚ್ಚಿ ತಯಾರು ಮಾಡಿಕೊಂಡ ಮಾತನ್ನು ಹೇಳಿದೆ. "ಹಂಗಾದ್ರ ಮಿಂಚು ಬ್ಯಾಡ್ರಿ. ಗ್ಯಾಸಿನ ಬೆಂಕಿ ಹಾಯ್ಸಿ ಕಲ್ಲಿನ ಮೈ ಒರಟು ಮಾಡಿ ಹಾಸ್ತೀನಿ. ನೀರು ಬಿದ್ರೂ ಕಾಲು ಹಿಡಿತೈತಿ."

"ಮುಖ ಕಾಣಲ್ಲಲ್ರಿ ಮತ್ತ?"

"ಇಲ್ರಿ." ಆ ಎರಡಕ್ಷರ ಹೇಳುವಾಗ ಬಿದ್ದಾಗಿನಕ್ಕಿಂತ ಹೆಚ್ಚು ನೋವಾಯಿತು.

ಧಣಿ ತಾಯಿಯ ಕಡೆ ನೋಡಿದರು. ಮುದುಕಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಮೊದಲು ನಾಕು ಕಲ್ಲು ಹಾಸು. ನೀ ಅದರ ಮ್ಯಾಲ ನಡದು ತೋರ್ಸು. ಆಮ್ಯಾಲ ನಾ ನಡೀತೀನಿ" ಅಂದಳು.

ಮುಂದಿನ ವಾರ ಬಾಗಿಲ ಮುಂದೆ ಒಂದು ಚಾಪೆಯಷ್ಟು ಜಾಗಕ್ಕೆ ಬೆಂಕಿ ಹಾಯಿಸಿದ ಕಲ್ಲು ಹಾಸಿದೆ. ಮಂಕು ಬೂದಿಬಣ್ಣ. ಬೆಳಕು ಬಿದ್ದರೂ ಮೇಲೆ ಎದ್ದು ಬರುವುದಿಲ್ಲ. ನನ್ನ ಕೈಯಿಂದ ಅಂಥದು ಬಂದದ್ದು ನೋಡಿ ನನಗೇ ನಾಚಿಕೆಯಾಯಿತು. ಬಕೆಟ್ಟಿನಲ್ಲಿ ನೀರು ತಂದು ಸುರಿದೆ. ಮುದುಕಿ ಅಷ್ಟಕ್ಕೆ ಬಿಡಲಿಲ್ಲ, ಮನೆಯಿಂದ ಒಂದು ಚೊಂಬು ತಿಳಿಸಾರು ತರಿಸಿ ಅದನ್ನೂ ಸುರಿಸಿದಳು. ಚಪ್ಪಲಿ ಬಿಟ್ಟು, ಪ್ಯಾಂಟು ಮೇಲಕ್ಕೆ ಮಡಚಿ ನಿಂತು ತಲೆ ಎತ್ತಿದೆ. ಬಡಗಿಗಳು, ಗಾರೆಯವರು, ಬಣ್ಣದವರು, ಲಾರಿ ಡ್ರೈವರುಗಳು ಎಲ್ಲರೂ ಕೆಲಸ ನಿಲ್ಲಿಸಿ ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬನ ಕೈಯಲ್ಲೂ ಫೋನು. ಧಣಿಯ ಕೈಯಲ್ಲೂ.

ನಡೆದೆ. ಆ ತುದಿಗೆ ಹೋದೆ, ತಿರುಗಿ ಬಂದೆ. ಜೋರಾಗಿ ಹೆಜ್ಜೆ ಹಾಕಿ ಇನ್ನೊಮ್ಮೆ ಹೋದೆ. ಕಡೆಗೆ ಓಡಿ ಬಂದು ನಡುವೆ ನಿಂತೆ. ಸಾರಿನ ಸಾಸಿವೆ ಅಂಗಾಲಿಗೆ ಅಂಟಿತು, ಅಷ್ಟೇ.

ಇಷ್ಟು ಜನರ ಮುಖ ಒಟ್ಟಿಗೆ ಬಾಡುವುದನ್ನು ನಾನು ಸತ್ತವರನ್ನು ಮಣ್ಣು ಮಾಡುವಲ್ಲೂ ಕಂಡಿಲ್ಲ. "ಏ, ಬೀಳಲಿಲ್ಲಲೇ" ಅಂತ ಒಬ್ಬ ಗೊಣಗಿ ಫೋನು ಜೇಬಿಗೆ ಹಾಕಿಕೊಂಡ. ಇನ್ನೊಬ್ಬ ತಾನು ತೆಗೆದದ್ದನ್ನು ಅಲ್ಲೇ ಅಳಿಸಿದ. ಬೀಳದೆ ನಡೆಯುವ ಮನುಷ್ಯನನ್ನು ಯಾರಿಗೆ ಕಳಿಸುವುದು? ಜನ ಕ್ರೂರಿಗಳು ಅಂತ ನಾನು ಹೇಳುವುದಿಲ್ಲ. ನಾನು ಕಾಲು ಮುರಿದುಕೊಂಡಿದ್ದರೆ ಅದೇ ಮಂದಿ ನನ್ನನ್ನು ಹೊತ್ತು ಆಸ್ಪತ್ರೆಗೆ ಓಡುತ್ತಿದ್ದರು. ಹೋಗುವ ದಾರಿಯಲ್ಲಿ ವಿಡಿಯೋ ಕಳಿಸುತ್ತಿದ್ದರು, ಅಷ್ಟೇ.

ಮುದುಕಿ ಎದ್ದಳು. ಕೋಲನ್ನು ಮಗನ ಕೈಗೆ ಕೊಟ್ಟು, ಒದ್ದೆ ಕಲ್ಲಿನ ಮೇಲೆ ಬರಿಗಾಲಿಟ್ಟಳು. ಈಗ ಫೋನುಗಳೆಲ್ಲ ಕೆಳಗಿದ್ದವು, ಎಲ್ಲರೂ ಹಲ್ಲು ಕಚ್ಚಿದ್ದರು. ಆಕೆ ನಿಧಾನಕ್ಕೆ ಆ ತುದಿ ಮುಟ್ಟಿ, ಬೆರಳಿನಿಂದ ನೆಲ ಕೆರೆದು ನೋಡಿ, "ಚೆಂದಿಲ್ಲ. ಆದ್ರ ಗಟ್ಟಿ ಐತಿ. ಇದನ್ನ ಹಾಸು" ಅಂದಳು.

ಮಂಟಪದ ಕೆಲಸ ಮುಗಿಯುವಷ್ಟರಲ್ಲಿ ಮುಂದಿನ ಮಳೆಗಾಲ ಬಂತು. ಬಿಟ್ಟುಹೋದವರಲ್ಲಿ ಮೂವರು ತಿರುಗಿ ಬಂದರು. ಆ ಇನ್ನೊಬ್ಬ ಮೇಸ್ತ್ರಿ ಒಂದು ದಿನ ಬಂದು ನೆಲ ನೋಡಿ, "ಇದೇನ್ರಿ, ಸಿನಿಮಾದ ವಿಲನ್ ಮುಖ ಇದ್ದಂಗೈತಿ" ಅಂದ. ಅನ್ನಲಿ. ಅಲ್ಲಿ ಆದ ಯಾವ ಮದುವೆಯ ವಿಡಿಯೋದಲ್ಲೂ ಯಾರೂ ಬಿದ್ದಿಲ್ಲ. ಆದ್ದರಿಂದ ಆ ನೆಲದ ಬಗ್ಗೆ ಯಾರೂ ಮಾತಾಡುವುದಿಲ್ಲ. ಇವತ್ತಿಗೂ ಹತ್ತು ಜನ ಫೋನು ಮಾಡಿದರೆ ಒಂಬತ್ತು ಜನ ಕೇಳುವುದು ಕಂಪ್ಲಿಯದನ್ನೇ. ಹಾಸಿಕೊಡುತ್ತೇನೆ.

ಈಗ ನನ್ನ ಹತ್ತಿರ ಹನ್ನೊಂದು ಜನ ಕೆಲಸದವರಿದ್ದಾರೆ. ಪಾಲಿಶ್ ಮಶೀನು ಎರಡು, ಕಲ್ಲು ಕೊಯ್ಯುವುದು ಮೂರು, ಬೆಂಕಿ ಹಾಯಿಸುವ ಕೊಳವೆ ಒಂದು, ಸಾಮಾನು ಸಾಗಿಸುವ ಸಣ್ಣ ಗಾಡಿ ಒಂದು. ಹೊಸಪೇಟೆಯಲ್ಲಿ ಮೂರು ಕೋಣೆಯ ಸ್ವಂತ ಮನೆ ಇದೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಸೊಂಟಕ್ಕೆ ಕಟ್ಟುವ ಬೆಲ್ಟು ಒಂದು.